ಕಿಡಿಯ ಗಾಡಿ, ಒತ್ತಡದ ಗಾಡಿ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾವು ಮಳೆಗಾಲ ಬರುವ ಮುನ್ನ ಮನೆಯ ಕಾಗದಪತ್ರಗಳನ್ನು ಹೇಗೆ ಜೋಪಾನ ಮಾಡಬೇಕೆಂದು ಬರೆದಿದ್ದೆವು. ಅದನ್ನು ಓದಿದ ನಮ್ಮ ಅಕ್ಕನ ಮಗ, "ಮಾವ, ಕಾಗದದ ವಿಷಯ ಸಾಕು, ಮುಂದಿನ ಸಲ ಗಾಡಿಯ ವಿಷಯ ಬರೆಯಿರಿ" ಎಂದ. ಅವನು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಾಲ್ಕು ವರ್ಷಗಳಿಂದ ಡೊಂಬಿವಲಿಯಲ್ಲಿ ಇಡ್ಲಿ-ದೋಸೆಯ ಹಿಟ್ಟು ರುಬ್ಬಿ ಅಂಗಡಿಗಳಿಗೆ ಒದಗಿಸುವ ಉದ್ಯೋಗ ಅವನದು. ಇದುವರೆಗೆ ಬಾಡಿಗೆಯ ರಿಕ್ಷಾದಲ್ಲಿ ನಡೆಯಿತು. ಈಗ ಠಾಣೆ, ಮುಲುಂಡದವರೆಗೂ ಗಿರಾಕಿಗಳಾಗಿದ್ದಾರೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಒಂದು ಪಿಕಪ್ ಗಾಡಿ ಕೊಳ್ಳಬೇಕು.

ಮೂವರು ಮಿಸ್ತ್ರಿಗಳನ್ನು ಕೇಳಿದನಂತೆ. ಒಬ್ಬನು "ಡೀಸೆಲೇ ಗಂಡುಗಾಡಿ" ಎಂದ. ಇನ್ನೊಬ್ಬನು "ಪೆಟ್ರೋಲಾದರೆ ರಗಳೆಯಿಲ್ಲ" ಎಂದ. ಮೂರನೆಯವನು "ಮುಂಬಯಿಯಲ್ಲಿ ಸಿ.ಎನ್.ಜಿ. ಬಿಟ್ಟು ಬೇರೆ ಮಾತೇ ಇಲ್ಲ" ಎಂದ. ಹುಡುಗ ಕಂಗಾಲಾಗಿ ನಮ್ಮಲ್ಲಿಗೆ ಬಂದ. "ಎಲ್ಲವೂ ಎಣ್ಣೆ ಸುಟ್ಟು ಓಡುವ ಗಾಡಿಗಳೇ ಅಲ್ಲವೆ ಮಾವ? ವ್ಯತ್ಯಾಸವೇನು?" ಎಂದು ಕೇಳಿದ. ಸುಡುವುದೇನೋ ನಿಜ, ಆದರೆ ಬೆಂಕಿ ಹಚ್ಚುವವರು ಯಾರು ಎಂಬುದರಲ್ಲೇ ಇದೆ ಎಲ್ಲ ವ್ಯತ್ಯಾಸ, ಎಂದೆವು.

ಸರಕಾರಿ ಕಚೇರಿಯ ಗುಮಾಸ್ತರಿಗೆ, ಅದೂ ಬಿ.ಎ. ಓದಿದವರಿಗೆ, ಎಂಜಿನಿನ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕೇಳಬೇಕಾದದ್ದೇ. ಅದಕ್ಕೆ ಉತ್ತರ ಈ ಲೇಖನದಲ್ಲೇ ಮುಂದೆ ಬರುತ್ತದೆ. ಅದಕ್ಕೆ ಮೊದಲು ಅಡಿಗೆಮನೆಗೆ ಹೋಗೋಣ.

ಗ್ಯಾಸಿನ ಒಲೆಯನ್ನು ಹೊತ್ತಿಸುವಾಗ ಮನೆಯಾಕೆ ಏನು ಮಾಡುತ್ತಾಳೆ? ಗುಂಡಿ ತಿರುಗಿಸುತ್ತಾಳೆ, ಗ್ಯಾಸು ಗಾಳಿಯೊಡನೆ ಬೆರೆತು ಹೊರಬರುತ್ತದೆ, ಲೈಟರನ್ನು ಹಿಡಿದು ಒತ್ತುತ್ತಾಳೆ, ಟಕ್ಕೆಂದು ಕಿಡಿ ಹಾರಿ ಒಲೆ ಹೊತ್ತಿಕೊಳ್ಳುತ್ತದೆ. ಲೈಟರು ಕೆಟ್ಟರೆ ಗ್ಯಾಸು ಎಷ್ಟಿದ್ದರೂ ಅಡಿಗೆಯಿಲ್ಲ. ಇದೇ ಪೆಟ್ರೋಲು ಎಂಜಿನು. ಇನ್ನು, ಒಗ್ಗರಣೆಗೆ ಬಾಣಲೆಯಲ್ಲಿ ಎಣ್ಣೆಯಿಟ್ಟು ಪಕ್ಕದ ಮನೆಯವರೊಡನೆ ಮಾತಿಗೆ ನಿಂತರೆ ಏನಾಗುತ್ತದೆ? ಎಣ್ಣೆ ಕಾಯುತ್ತದೆ, ಹೊಗೆಯಾಡುತ್ತದೆ. ಕೊನೆಗೆ ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಭಗ್ಗೆಂದು ಹತ್ತಿಕೊಳ್ಳುತ್ತದೆ. ಶಾಖವೊಂದೇ ಸಾಕು, ಕಿಡಿ ಬೇಡ. ಇದೇ ಡೀಸೆಲು ಎಂಜಿನು.

ಡೀಸೆಲಿಗೆ ಆ ಶಾಖ ಎಲ್ಲಿಂದ ಬಂತು? ಸೈಕಲ್ಲಿಗೆ ಪಂಪಿನಿಂದ ಗಾಳಿ ಹೊಡೆದವರು ಪಂಪಿನ ಬುಡವನ್ನು ಮುಟ್ಟಿ ನೋಡಿರಬಹುದು, ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕೈಪಂಪಿನಲ್ಲಿ ಬೆರಳಿಗೆ ತಾಗುವಷ್ಟು ಕಾದರೆ, ಡೀಸೆಲು ಎಂಜಿನಿನ ಸಿಲಿಂಡರಿನಲ್ಲಿ ಗಾಳಿಯನ್ನು ಅದರ ಮೊದಲಿನ ಗಾತ್ರದ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತಾರೆ. ಆಗ ಆ ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ಸೂಜಿಯಂಥ ತೂತುಗಳಿಂದ ಡೀಸೆಲನ್ನು ಮಂಜಿನಂತೆ ಚಿಮುಕಿಸಿದರೆ ಸಾಕು. ಸುಮಾರು 210 ಡಿಗ್ರಿಯಲ್ಲೇ ತಾನಾಗಿ ಉರಿಯಬಲ್ಲ ಡೀಸೆಲು ಅಲ್ಲಿ ಕಡ್ಡಿಗಾಗಿ ಕಾಯುತ್ತ ಕೂರುವುದಿಲ್ಲ.

ಪೆಟ್ರೋಲು ಎಂಜಿನಿನಲ್ಲಿ ಹಾಗಲ್ಲ. ಅಲ್ಲಿ ಗಾಳಿ, ಪೆಟ್ರೋಲು ಎರಡೂ ಬೆರೆತ ಮಿಶ್ರಣವನ್ನು ಒತ್ತುವುದು ಹತ್ತು ಪಟ್ಟಿನ ಆಸುಪಾಸು ಮಾತ್ರ. ಅದಕ್ಕಿಂತ ಬಹಳ ಹೆಚ್ಚು ಒತ್ತಿದರೆ ಕಿಡಿ ಬರುವ ಮೊದಲೇ ಹೊತ್ತಿಕೊಂಡು ಎಂಜಿನು ಕುಟ್ಟತೊಡಗುತ್ತದೆ. ಆದ್ದರಿಂದ ಮಿತವಾಗಿ ಒತ್ತಿ, ಸರಿಯಾದ ಗಳಿಗೆಯಲ್ಲಿ ಪ್ಲಗಿನ ತುದಿಯಲ್ಲಿ ಕಿಡಿ ಹಾರಿಸುತ್ತಾರೆ. ಬ್ಯಾಟರಿಯದು 12 ವೋಲ್ಟು. ಅದರಿಂದ ಕಿಡಿ ಹಾರದು. ಕಾಯಿಲ್ ಎಂಬ ಸುರುಳಿ ಅದನ್ನು 15,000ದಿಂದ 30,000 ವೋಲ್ಟಿನವರೆಗೆ ಏರಿಸುತ್ತದೆ. ಆ ವಿದ್ಯುತ್ತು ಪ್ಲಗಿನ ತುದಿಯ, ಒಂದು ಮಿಲಿಮೀಟರಿಗೂ ಮೀರದ ಸಂದನ್ನು ಹಾರಿ ದಾಟುತ್ತದೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ ನೂರು ಕಿಡಿಗಳು ಬೇಕು. ಒಂದು ತಪ್ಪಿದರೂ ಗಾಡಿ ಬಿಕ್ಕುತ್ತದೆ.

ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕೆಲವು ಫೈಲುಗಳು ಸಾಹೇಬರ ಸಹಿಯೆಂಬ ಕಿಡಿ ಬಿದ್ದರೆ ಮಾತ್ರ ಚಲಿಸುತ್ತವೆ. ಕೆಲವಕ್ಕೆ ಸಹಿ ಬೇಡ, ಮೇಲಿನ ಒತ್ತಡ ಬಂದರೆ ಸಾಕು, ತಾವೇ ಹೊತ್ತಿಕೊಂಡು ಓಡುತ್ತವೆ. ಮೊದಲನೆಯವು ಪೆಟ್ರೋಲು ಫೈಲುಗಳು, ಎರಡನೆಯವು ಡೀಸೆಲು ಫೈಲುಗಳು. ಈ ಉಪಮಾನ ಕೇಳಿ ಅಳಿಯ ನಕ್ಕ. ಕಚೇರಿಯಲ್ಲಿ ಹೇಳಿದ್ದರೆ ಎಲ್ಲರೂ ನಗುತ್ತಿದ್ದರೆಂಬ ಭರವಸೆ ನಮಗಿಲ್ಲ.

ಈ ಎರಡು ದಾರಿಗಳನ್ನೂ ತೋರಿಸಿದವರು ಜರ್ಮನ್ ದೇಶದವರು. ಮಿಶ್ರಣವನ್ನು ಒತ್ತಿ ಉರಿಸುವ ನಾಲ್ಕು ಹೊಡೆತದ ಎಂಜಿನನ್ನು ನಿಕೋಲಸ್ ಆಟೋ 1876ರಲ್ಲಿ ನಡೆಸಿ ತೋರಿಸಿದ. ಬರಿಯ ಒತ್ತಡದಿಂದಲೇ ಹೊತ್ತುವ ಎಂಜಿನನ್ನು ರುಡಾಲ್ಫ್ ಡೀಸೆಲ್ ಆಗ್ಸ್‌ಬರ್ಗ್ ಪಟ್ಟಣದಲ್ಲಿ 1897ರಲ್ಲಿ ಸಫಲಗೊಳಿಸಿದ. ಹೀಗೆ, ನಾವು ಎಣ್ಣೆಯ ಹೆಸರೆಂದು ತಿಳಿದಿರುವ ಡೀಸೆಲ್ ಎಂಬುದು ಮೂಲತಃ ಒಬ್ಬ ಮನುಷ್ಯನ ಹೆಸರು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್‌ನ ಕಾರ್ಖಾನೆ ಇಬ್ಬರ ಎಂಜಿನುಗಳಿಗೂ ಸಾಮಾನು ಒದಗಿಸಿತು: 1902ರಲ್ಲಿ ಕಿಡಿಯ ಪ್ಲಗು, 1927ರಿಂದ ಡೀಸೆಲು ಚಿಮುಕಿಸುವ ಪಂಪು.

ಇಲ್ಲಿ ಕನ್ನಡಿಗರಾದ ನಮಗೂ ಸ್ವಲ್ಪ ಹೆಮ್ಮೆಪಡುವ ಹಕ್ಕಿದೆ. ಇದೇ ಬಾಷ್ ಕಂಪನಿಯ ನಂಟಿನಿಂದ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮೆಲ್ಲರ ಬಾಯಲ್ಲಿದ್ದ ಮೈಕೋ. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಆಡುಗೋಡಿಯ ಆ ಕಾರ್ಖಾನೆ ಪೆಟ್ರೋಲಿನ ಪ್ಲಗನ್ನೂ ಡೀಸೆಲಿನ ಪಂಪನ್ನೂ ತಯಾರಿಸಿ ದೇಶಕ್ಕೆಲ್ಲ ಕಳುಹಿಸಿತು. ಕುರ್ಲಾದ ಗ್ಯಾರೇಜಿನ ಮಿಸ್ತ್ರಿಗೆ ಬೆಂಗಳೂರು ಎಲ್ಲಿದೆಯೆಂದು ತಿಳಿಯದಿದ್ದರೂ ಮೈಕೋ ಪ್ಲಗು ತಿಳಿದಿತ್ತು.

ಇನ್ನು, ನಾವು ಹೇಳುತ್ತೇವೆಂದು ಮಾತು ಕೊಟ್ಟ ಕಥೆಗೆ ಬರೋಣ.

ನಮ್ಮ ದೊಡ್ಡಪ್ಪನವರ ಬಳಿ ಒಂದು ಡೀಸೆಲು ಪಿಕಪ್ ಇತ್ತು. ಆಗ ನಾವೆಲ್ಲ ಚೆಂಬೂರಿನಲ್ಲಿ ಒಂದೇ ಮನೆಯಲ್ಲಿದ್ದೆವು. ಬೆಳಗಿನ ಜಾವ ವಾಶಿಯ ಮಾರುಕಟ್ಟೆಗೆ ಹೋಗಿ ತರಕಾರಿ ತುಂಬಿಸಿಕೊಂಡು, ಅಂಧೇರಿಯವರೆಗೆ ನಮ್ಮವರ ಹೋಟೆಲುಗಳಿಗೆ ಹಾಕಿ, ಮಧ್ಯಾಹ್ನ ಬರಿದಾದ ಬುಟ್ಟಿಗಳೊಡನೆ ಮನೆಗೆ ಬರುವುದು ಅವರ ದಿನಚರಿ. ಗಾಡಿಯ ಮೇಲೆ ಅವರಿಗೆ ಮಕ್ಕಳ ಮೇಲಿನಷ್ಟೇ ಮಮತೆ. ಮಳೆಗಾಲದಲ್ಲಿ ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳು ಅಲ್ಲಲ್ಲಿ ನಿಂತು, ಚಾಲಕರು ಬಾನೆಟ್ಟು ಎತ್ತಿ ಡಿಸ್ಟ್ರಿಬ್ಯೂಟರಿನ ಟೊಪ್ಪಿಯನ್ನು ಬಟ್ಟೆಯಿಂದ ಒರೆಸುತ್ತಿರುವುದನ್ನು ಕಂಡಾಗಲೆಲ್ಲ, "ನೋಡು ಮಾರಾಯ, ಅವರ ಕಿಡಿಗೆ ನೆಗಡಿಯಾಗಿದೆ. ನಮ್ಮದಕ್ಕೆ ಕಿಡಿಯೇ ಬೇಡ" ಎಂದು ನಗುತ್ತಿದ್ದರು.

ಅವರ ಮಾತು ಸುಳ್ಳಲ್ಲ. ಸಾವಿರಾರು ವೋಲ್ಟಿನ ವಿದ್ಯುತ್ತಿಗೆ ಒದ್ದೆಯೇ ಅಡ್ಡದಾರಿ. ತಂತಿಯ ಮೇಲೋ ಟೊಪ್ಪಿಯ ಒಳಗೋ ತೇವ ಕುಳಿತರೆ ವಿದ್ಯುತ್ತು ಪ್ಲಗಿಗೆ ಹೋಗದೆ ಎಲ್ಲೆಲ್ಲೋ ಸೋರಿಹೋಗುತ್ತದೆ, ಎಂಜಿನು ನಿಲ್ಲುತ್ತದೆ. ಹಳೆಯ ಡೀಸೆಲು ಎಂಜಿನಿಗೆ ಆ ಭಯವಿರಲಿಲ್ಲ. ಒಮ್ಮೆ ಚಾಲೂ ಆದರೆ ಬ್ಯಾಟರಿಯ ತಂತಿ ಕಿತ್ತರೂ ಓಡುತ್ತಿದ್ದ ಎಂಜಿನುಗಳು ಅವು. ಬ್ಯಾಟರಿ ಸತ್ತ ದಿನ ನಾಲ್ಕು ಜನ ದೂಡಿದರೆ ಸಾಕು, ಎದ್ದು ಹೊರಡುತ್ತಿದ್ದವು. ನಿಲ್ಲಿಸುವುದಕ್ಕೂ ಹಲವು ಗಾಡಿಗಳಲ್ಲಿ ಕೀಲಿ ಸಾಲದೆ, ಎಣ್ಣೆ ತಡೆಯುವ ಒಂದು ಹಿಡಿಯನ್ನು ಎಳೆಯಬೇಕಾಗಿತ್ತು.

2005ರ ಜುಲೈ 26, ಮಂಗಳವಾರ. ಮುಂಬಯಿಯವರಿಗೆ ಆ ದಿನವನ್ನು ನೆನಪಿಸಬೇಕಾದ ಅಗತ್ಯವಿಲ್ಲ. ಆಮೇಲೆ ಬಂದವರಿಗಾಗಿ ಹೇಳುತ್ತೇವೆ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು. ಕೊಲಾಬಾದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮಿಠೀ ನದಿ ಉಕ್ಕಿ ಕಲೀನಾ, ಕುರ್ಲಾಗಳು ಮುಳುಗಿದವು. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ದೊಡ್ಡಪ್ಪ ಅಂಧೇರಿಯಿಂದ ಹಿಂತಿರುಗುತ್ತ ಕಲೀನಾ ತಲಪುವ ಹೊತ್ತಿಗೆ ರಸ್ತೆಯ ಇಕ್ಕೆಲದಲ್ಲೂ ಪೆಟ್ರೋಲು ಕಾರುಗಳು ನಿಂತುಹೋಗಿದ್ದುವಂತೆ. ಇವರ ಗಾಡಿ ಮಾತ್ರ ನೀರನ್ನು ಸೀಳಿಕೊಂಡು ಮುಂದೆ ಹೋಯಿತು. ಇನ್ನಷ್ಟು ಮುಂದೆ ಹೋಯಿತು. ಬಾನೆಟ್ಟಿನ ಮಟ್ಟಕ್ಕೆ ನೀರು ಬಂದಾಗ ಎರಡು ಸಲ ಕೆಮ್ಮಿ ನಿಂತಿತು.

ಆ ರಾತ್ರಿ ಅವರು ಎದೆಯುದ್ದ ನೀರಿನಲ್ಲಿ ನಡೆದು ಮನೆ ಸೇರಿದರು. ಮಾರನೆಯ ದಿನ ನೀರು ಇಳಿದ ಮೇಲೆ ಅವರೊಡನೆ ನಾವೂ ಹೋದೆವು. ನಮಗಾಗ ಹದಿನಾರು ವರ್ಷ, ಆಗಷ್ಟೇ ಹತ್ತನೆಯ ತರಗತಿ ಪಾಸಾಗಿತ್ತು. ಗಾಡಿ ಇದ್ದಲ್ಲೇ ಇತ್ತು. ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. "ಚಿಂತೆಯಿಲ್ಲ, ಡೀಸೆಲಿಗೆ ಕರೆಂಟೇಕೆ" ಎಂದು ದೊಡ್ಡಪ್ಪ ಓಣಿಯ ಹುಡುಗರನ್ನು ಕರೆದರು. ನಾವೂ ಕೈಹಚ್ಚಿದೆವು. ಗಾಡಿ ಉರುಳಿ ವೇಗ ಹಿಡಿಯಿತು. ಅವರು ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟರು. ಕಟ್ ಎಂಬ ಒಂದು ಶಬ್ದ. ಅಷ್ಟೇ. ಚಕ್ರಗಳು ಜಾರಿ ಗಾಡಿ ನಿಂತಿತು. ಆ ಶಬ್ದ ಇಂದಿಗೂ ನಮ್ಮ ಕಿವಿಯಲ್ಲಿದೆ.

ಕುರ್ಲಾದ ಮಿಸ್ತ್ರಿ ಎಂಜಿನು ಬಿಚ್ಚಿದಾಗ ಸಿಲಿಂಡರಿನಲ್ಲಿ ನೀರು, ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡು ಬಾಗಿಹೋಗಿತ್ತು. ಅವನು ಹೇಳಿದ ಮಾತು ಇಷ್ಟೇ: "ಹವಾ ದಬ್ತೀ ಹೈ ಸೇಠ್, ಪಾನೀ ನಹೀ ದಬ್ತಾ." ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿಯನ್ನು ಹದಿನೆಂಟು ಪಟ್ಟು ಕುಗ್ಗಿಸಲೆಂದೇ ಕಟ್ಟಿದ ಎಂಜಿನಿನೊಳಗೆ ಗಾಳಿಯ ಕೊಳವೆಯಿಂದ ನೀರು ಹೊಕ್ಕಿತ್ತು. ನಾವು ದೂಡಿದ ಗಾಡಿಯ ಭಾರವೆಲ್ಲ ಆ ನೀರಿನ ಮೇಲೆ ಬಿತ್ತು. ನೀರು ಮಣಿಯಲಿಲ್ಲ, ಉಕ್ಕು ಮಣಿಯಿತು. ನಿಂತ ಗಾಡಿಯನ್ನು ಹಾಗೆಯೇ ಎಳೆಸಿಕೊಂಡು ಬಂದಿದ್ದರೆ ನೀರು ತೆಗೆದು, ಎಣ್ಣೆಗಳನ್ನು ಬದಲಿಸಿ ಬಹುಶಃ ಉಳಿಸಬಹುದಿತ್ತು, ಎಂದನು ಮಿಸ್ತ್ರಿ.

ವಿಮೆಯ ಕಚೇರಿಯೊಂದಕ್ಕೆ ದೊಡ್ಡಪ್ಪ ಹಲವು ಸಲ ಅಲೆದರು. ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಲು ಹೋಗಿ ಆದ ನಷ್ಟ ಅಪಘಾತವಲ್ಲ, ತರುವಾಯದ ನಷ್ಟ. ಅದಕ್ಕೆ ಪರಿಹಾರವಿಲ್ಲವೆಂಬ ಉತ್ತರ ಬಂತು. ನಿಯಮ ಹಾಗೆಯೇ ಇತ್ತು. ಗುಮಾಸ್ತರಾದ ಮೇಲೆ ನಮಗೆ ಆ ಉತ್ತರ ಬರೆದವನ ಮೇಲೂ ಸಿಟ್ಟಿಲ್ಲ. ಆದರೆ ಆ ವರ್ಷ ನಮ್ಮನ್ನು ಎಂಜಿನಿಯರಿಂಗ್ ಡಿಪ್ಲೊಮಾಕ್ಕೆ ಸೇರಿಸಲೆಂದು ದೊಡ್ಡಪ್ಪ ತೆಗೆದಿರಿಸಿದ್ದ ಹಣ ಎಂಜಿನಿಗೆ ಹೋಯಿತು. ನಾವು ಕಲಾ ವಿಭಾಗಕ್ಕೆ ಸೇರಿ, ಬಿ.ಎ. ಮಾಡಿ, ಪರೀಕ್ಷೆ ಬರೆದು ಕುರ್ಚಿ ಹಿಡಿದೆವು. ಅದಕ್ಕಾಗಿ ನಮಗೆ ಕೊರಗಿಲ್ಲ. ದೊಡ್ಡಪ್ಪನವರಿಗೆ ಮಾತ್ರ ಇದೆ. ಅವರು ಆ ಮಾತನ್ನು ಎಂದೂ ಎತ್ತಿಲ್ಲ, ನಾವೂ ಎತ್ತಿಲ್ಲ. ಗಾಡಿಯ ವಿಷಯ ಸಿಕ್ಕಿದ್ದನ್ನೆಲ್ಲ ನಾವು ಅಂದಿನಿಂದ ಓದುತ್ತ ಬಂದದ್ದಕ್ಕೆ ಕಾರಣ ಇದೇ.

ದೊಡ್ಡಪ್ಪನವರಿಗೆ ತಿಳಿದಿದ್ದುದು ಸತ್ಯವೇ: ಡೀಸೆಲಿಗೆ ಕಿಡಿ ಬೇಡ. ತಿಳಿಯದೆ ಉಳಿದದ್ದು ಅದರ ಇನ್ನರ್ಧ: ಕಿಡಿಯ ಬದಲಿಗೆ ಒತ್ತಡ ಬೇಕು, ಆ ಒತ್ತಡ ಗಾಳಿಯದೇ ಆಗಿರಬೇಕು. ಪೆಟ್ರೋಲು ಗಾಡಿಗಳು ಕಿಡಿ ಕಳೆದುಕೊಂಡು ಮೊದಲೇ ನಿಂತದ್ದರಿಂದ ಎಷ್ಟೋ ಎಂಜಿನುಗಳು ಉಳಿದವು. ನಮ್ಮದು ನಿಲ್ಲಲಿಲ್ಲವೆಂಬ ಹೆಮ್ಮೆಯೇ ಅದನ್ನು ನೀರಿನ ನಡುವಿಗೆ ಒಯ್ದಿತು.

ಇಂದಿನ ಗಾಡಿಗಳಲ್ಲಿ ಎರಡೂ ಕಡೆ ಬಹಳ ಬದಲಾಗಿದೆ. ಡಿಸ್ಟ್ರಿಬ್ಯೂಟರನ್ನು ಒರೆಸುವ ದೃಶ್ಯ ಈಗಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾಯಿತು. ಈಗಿನ ಹಲವು ಪೆಟ್ರೋಲು ಎಂಜಿನುಗಳಲ್ಲಿ ಪ್ರತಿಯೊಂದು ಪ್ಲಗಿನ ತಲೆಯ ಮೇಲೂ ಒಂದೊಂದು ಪುಟ್ಟ ಕಾಯಿಲು, ಅದಕ್ಕೆ ರಬ್ಬರಿನ ಮುಸುಕು. ಕಿಡಿಯ ಗಳಿಗೆಯನ್ನು ಗೊತ್ತುಮಾಡುವುದು ಒಂದು ಕಂಪ್ಯೂಟರು. ಡೀಸೆಲಿನಲ್ಲೂ ಅಷ್ಟೆ. ಚಿಮುಕಿಸುವ ಒತ್ತಡ ಗಾಡಿಯ ಚಕ್ರದ ಗಾಳಿಗಿಂತ ನೂರಾರು ಪಟ್ಟು ಹೆಚ್ಚು, ಮತ್ತು ಅದನ್ನು ಆಳುವುದೂ ವಿದ್ಯುತ್ತೇ. ಆದುದರಿಂದ ಡೀಸೆಲಿಗೆ ಕರೆಂಟು ಬೇಡವೆಂಬ ಹಳೆಯ ಮಾತು ಈಗ ನಿಲ್ಲದು. ಪೆಟ್ರೋಲು ಗಾಡಿ ತೇವಕ್ಕೆ ಬೇಗ ನಿಲ್ಲುತ್ತದೆಂಬ ಮಾತೂ ನಿಲ್ಲದು. ಅದೂ ಈಗ ನೀರಿನಲ್ಲಿ ಮುಂದೆ ಹೋಗಿ ನೀರು ಕುಡಿಯಬಲ್ಲುದು.

ಡೀಸೆಲು ಗಾಡಿಗಳಲ್ಲಿಯೂ ಪ್ಲಗು ಎಂಬುದೊಂದಿದೆಯಲ್ಲ, ಎಂದು ಅಳಿಯ ಕೇಳಿದ. ಇದೆ, ಅದು ಗ್ಲೋ ಪ್ಲಗು, ಮಿಸ್ತ್ರಿಗಳ ಬಾಯಲ್ಲಿ ಹೀಟರು. ಅದು ಕಿಡಿ ಹಾರಿಸುವುದಿಲ್ಲ. ತಣ್ಣಗಿರುವ ಎಂಜಿನಿನ ಒಳಗನ್ನು ಕಾಯಿಸಿ ಕೊಡುತ್ತದೆ. ಕೀಲಿ ಅರ್ಧ ತಿರುಗಿಸಿದಾಗ ಮುಂದೆ ಸುರುಳಿಯ ಚಿತ್ರವೊಂದು ಹೊತ್ತುತ್ತದೆ. ಅದು ಆರಿದ ಮೇಲೆ ಚಾಲೂ ಮಾಡಬೇಕು. ನಮ್ಮ ಮುಂಬಯಿಯ ಸೆಕೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಘಟ್ಟದ ಮೇಲಿನ ಚಳಿಯ ಬೆಳಗಿನಲ್ಲಿ ಅದರ ಬೆಲೆ ತಿಳಿಯುತ್ತದೆ.

ಇನ್ನು ಸಿ.ಎನ್.ಜಿ. ಮಹಾನಗರ್ ಗ್ಯಾಸ್ ಕಂಪನಿ ಮುಂಬಯಿಯಲ್ಲಿ 1995ರಲ್ಲಿ ಸ್ಥಾಪನೆಯಾದಂದಿನಿಂದ ಇಲ್ಲಿಯ ಟ್ಯಾಕ್ಸಿ, ರಿಕ್ಷಾಗಳು ಕ್ರಮೇಣ ಅದಕ್ಕೆ ಒಗ್ಗಿಕೊಂಡಿವೆ. ಅದು ಪೆಟ್ರೋಲಿನ ತಮ್ಮನೋ ಡೀಸೆಲಿನ ತಮ್ಮನೋ? ನಿಶ್ಚಯವಾಗಿ ಪೆಟ್ರೋಲಿನ ತಮ್ಮ. ಅದರಲ್ಲಿರುವ ಮೀಥೇನು ತಾನಾಗಿ ಹೊತ್ತಲು 540 ಡಿಗ್ರಿಯಷ್ಟು ಶಾಖ ಬೇಕು. ಡೀಸೆಲಿಗೆ ಸಾಕಾಗುವ ಒತ್ತಡವನ್ನು ಅದು ನೆಚ್ಚಿಕೊಳ್ಳುವಂತಿಲ್ಲ. ಕಿಡಿಯೇ ಬೇಕು, ಅದೂ ಬಲವಾದ ಕಿಡಿ. ಹಾಗಾಗಿ ಸಿ.ಎನ್.ಜಿ. ಗಾಡಿಯಲ್ಲಿ ಪ್ಲಗುಗಳ ಮೇಲೆ ಹೆಚ್ಚು ನಿಗಾ ಇರಬೇಕು. ಗಾಡಿ ಬಿಕ್ಕಿದರೆ ಮೊದಲು ನೋಡಬೇಕಾದದ್ದು ಅದನ್ನೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಂದೇ ಗಾಡಿ ಹೇಗೆ ಎರಡೂ ವೇಷದಲ್ಲಿ ಬಂತೆಂಬುದನ್ನು ನೋಡಿದರೆ ಉತ್ತರ ಹೊಳೆಯುತ್ತದೆ. 'ಛೋಟಾ ಹಾಥಿ' ಎಂದು ಎಲ್ಲರೂ ಕರೆಯುವ ಟಾಟಾ ಏಸ್ 2005ರಲ್ಲಿ ಬಂದಾಗ ಎರಡು ಸಿಲಿಂಡರಿನ ಡೀಸೆಲು ಗಾಡಿ. 2020ರಲ್ಲಿ ಅದರ ಪೆಟ್ರೋಲು ರೂಪವೂ ಬಂತು. ಆ ವರ್ಷದ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಜಾರಿಯಾಗಿ, ಡೀಸೆಲಿನ ಹೊಗೆಯನ್ನು ತೊಳೆಯುವ ಸಾಮಗ್ರಿಯ ಖರ್ಚು ಏರಿತ್ತು. ಡೀಸೆಲಿನ ಬೆಲೆಯೂ 2014ರ ಅಕ್ಟೋಬರಿನಿಂದ ಸರಕಾರದ ಹಿಡಿತ ಬಿಟ್ಟು ಪೇಟೆಯ ಬೆಲೆಯಾಗಿತ್ತು. ಭಾರ ಹೊತ್ತು ದಿನವೂ ದೂರ ಓಡುವವನಿಗೆ, ಘಟ್ಟ ಹತ್ತುವವನಿಗೆ ಇಂದಿಗೂ ಡೀಸೆಲು ಒಳ್ಳೆಯ ಸಂಗಾತಿ. ಡೊಂಬಿವಲಿಯಿಂದ ಮುಲುಂಡಕ್ಕೆ, ಹತ್ತು ಅಂಗಡಿಗಳಲ್ಲಿ ನಿಲ್ಲುತ್ತ ಹೋಗುವ ಹಿಟ್ಟಿನ ಗಾಡಿಗೆ ಕಿಡಿಯ ಎಂಜಿನೇ ಸಾಕು. ಪಂಪಿನ ಮುಂದೆ ಸಾಲಿನಲ್ಲಿ ನಿಲ್ಲುವ ತಾಳ್ಮೆಯಿದ್ದರೆ ಸಿ.ಎನ್.ಜಿ. ಇನ್ನೂ ಮೇಲು.

ಯಾವುದನ್ನೇ ಕೊಂಡರೂ ನೆನಪಿಡಬೇಕಾದ ಮೂರು ಮಾತುಗಳನ್ನು ಅವನಿಗೆ ಬರೆದುಕೊಟ್ಟಿದ್ದೇವೆ, ವಾಚಕರಿಗೂ ಉಪಯೋಗವಾದೀತು. ಒಂದು: ಡೀಸೆಲು ಟ್ಯಾಂಕಿಗೆ ಮರೆತು ಪೆಟ್ರೋಲು ಹಾಕಿಸಿದರೆ ಕೀಲಿಯನ್ನು ಮುಟ್ಟಲೇಬಾರದು. ಡೀಸೆಲೇ ಆ ಪಂಪಿಗೆ ಜಾರುವೆಣ್ಣೆ. ಪೆಟ್ರೋಲು ಹೊಕ್ಕರೆ ಪಂಪು ಒಣಗಿ ಸವೆಯುತ್ತದೆ. ಗಾಡಿಯನ್ನು ದೂಡಿಸಿ ಬದಿಗೆ ನಿಲ್ಲಿಸಿ ಟ್ಯಾಂಕು ಬರಿದು ಮಾಡಿಸಬೇಕು. ಎರಡು: ನೀರಿನಲ್ಲಿ ನಿಂತ ಗಾಡಿಯನ್ನು, ಅದು ಯಾವ ಎಣ್ಣೆಯದೇ ಇರಲಿ, ಚಾಲೂ ಮಾಡಲು ಹೋಗಬಾರದು; ಗೇರಿನಲ್ಲಿಟ್ಟು ದೂಡಲೂಬಾರದು. ಮೂರು: ವಿಮೆ ಮಾಡಿಸುವಾಗ ನೀರು ಹೊಕ್ಕ ಎಂಜಿನಿಗೆ ರಕ್ಷಣೆ ಇದೆಯೇ, ಇಲ್ಲದಿದ್ದರೆ ಬೇರೆ ಹಣ ಕೊಟ್ಟು ಸೇರಿಸಬಹುದೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಕಳೆದ ಭಾನುವಾರ ಅಳಿಯ ಆ ಚೀಟಿಯನ್ನು ಹಿಡಿದು ನಮ್ಮ ಮನೆಗೆ ಬಂದ. ದೊಡ್ಡಪ್ಪ ಈಗ ನಮ್ಮೊಡನೆಯೇ ಇದ್ದಾರೆ, ಎಪ್ಪತ್ತು ದಾಟಿದೆ. ಬಾಲ್ಕನಿಯಲ್ಲಿ ಕುಳಿತಿದ್ದವರು ಚೀಟಿಯನ್ನು ಇಸಿದುಕೊಂಡು ಎರಡು ಸಲ ಓದಿದರು. ನಾವು ಒಳಗೆ ಕಾಫಿಗೆ ಹೇಳಲು ಎದ್ದವರು ಅಲ್ಲೇ ನಿಂತೆವು.

"ನೀರು ಕಂಡರೆ ಏನು ಮಾಡುತ್ತಿ?" ಎಂದರು.

"ನಿಲ್ಲಿಸುತ್ತೇನೆ ಅಜ್ಜ."

"ನೀರಿನಲ್ಲೇ ನಿಂತುಹೋದರೆ?"

"ಕೀಲಿ ಮುಟ್ಟುವುದಿಲ್ಲ. ದೂಡಿಸುವುದೂ ಇಲ್ಲ."

ದೊಡ್ಡಪ್ಪ ಚೀಟಿಯನ್ನು ಮಡಿಸಿ ಅವನ ಜೇಬಿಗೆ ತಾವೇ ಹಾಕಿದರು. "ಹಾಗಾದರೆ ಯಾವುದನ್ನಾದರೂ ತೆಗೆದುಕೋ ಮಾರಾಯ" ಎಂದರು. ಆಮೇಲೆ ನಮ್ಮ ಕಡೆಗೆ ತಿರುಗಿ, ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ, "ಆ ದಿನ ನೀನೂ ದೂಡಿದ್ದೆಯಲ್ಲವೆ?" ಎಂದು ಕೇಳಿದರು.

ಹೌದೆಂದೆವು.